ಡ್ರೋನ್ ಕಾಲದಲ್ಲೂ ‘ತೇಜ್ ಚಲ್’ ಕವಾಯತಿಗೆ ಇಷ್ಟೊಂದು ಗಂಟೆ ಯಾಕೆ?

ಹಾಸನದ_ಅಣ್ಣ
ನನ್ನ ತಮ್ಮ ಅಗ್ನಿವೀರನಾಗಿ ಸೇರಿ ಟ್ರೈನಿಂಗ್‌ನಲ್ಲಿದ್ದಾನೆ. ಯಾವ ಸೆಂಟರ್ ಅಂತ ಹೇಳಲ್ಲ. ಭಾನುವಾರ ಫೋನ್ ಕೈಗೆ ಸಿಕ್ಕಾಗೆಲ್ಲ ಅವನ ಮಾತು ಡ್ರಿಲ್ ಬಗ್ಗೇನೇ. ಬೆಳಿಗ್ಗೆ ಪಿ.ಟಿ. ಮುಗಿಸಿ ಡ್ರಿಲ್ ಸ್ಕ್ವೇರ್, ಸಂಜೆ ಮತ್ತೆ ಪ್ರಾಕ್ಟೀಸ್, ಒಬ್ಬನ ಮೊಣಕೈ ಬಗ್ಗಿದ್ರೆ ಇಡೀ ಸ್ಕ್ವಾಡ್‌ಗೆ ರಗಡಾ, ಅಂದ್ರೆ ಮೈ ದಂಡಿಸೋ ಶಿಕ್ಷೆ. ರೈಫಲ್ ಹಿಡಿದು ಗುಂಡು ಹಾರಿಸಿದ್ದಕ್ಕಿಂತ ಸಲಾಮಿ ಶಸ್ತ್ರ (ರೈಫಲ್ ಹಿಡಿದು ಗೌರವ ಸಲ್ಲಿಸೋದು) ಮಾಡಿದ್ದೇ ಜಾಸ್ತಿ ಅಂತಾನೆ.

ದೂರು ಹೇಳೋಕೆ ಬಂದಿಲ್ಲ, ತಿಳ್ಕೊಳ್ಳೋಕೆ ಬಂದಿದ್ದೀನಿ. ಒಟ್ಟು ತರಬೇತಿಯೇ ಈಗ ಆರೇಳು ತಿಂಗಳು, ಸರ್ವೀಸ್ ನಾಲ್ಕು ವರ್ಷ. ಬ್ರಿಟನ್ 2022ರಿಂದ ಉಕ್ರೇನಿನ ಹೊಸಬರಿಗೆ ‘ಇಂಟರ್‌ಫ್ಲೆಕ್ಸ್’ ಹೆಸರಲ್ಲಿ ತರಬೇತಿ ಕೊಡ್ತು, ಶುರುವಿನಲ್ಲಿ ಬರೀ ಮೂರು ವಾರ. ಅಲ್ಲಿ ಒತ್ತೆಲ್ಲ ಶಸ್ತ್ರ ಬಳಕೆ, ಪ್ರಥಮ ಚಿಕಿತ್ಸೆ, ಗಸ್ತು, ಯುದ್ಧ ನಿಯಮ, ಬಯಲಲ್ಲಿ ಬದುಕಿ ಉಳಿಯೋದು ಇವುಗಳ ಮೇಲೆ. ನಿಜವಾದ ಯುದ್ಧಕ್ಕೆ ಹೋಗೋರಿಗೆ ಹೀಗೆ ಕಲಿಸ್ತಾರೆ ಅಂದ್ಮೇಲೆ ನಮ್ಮ ಹುಡುಗರು ಸಾಲಾಗಿ ಕಾಲು ಬಡಿಯೋದರಿಂದ ಏನು ಸಿಗುತ್ತೆ? ಸೇನೆಯಲ್ಲಿದ್ದವರು ದಯವಿಟ್ಟು ಹೇಳಿ.

ಬಯಲುಸೀಮೆ_ಭೀಮ
ಶಿಸ್ತು. ಉತ್ತರ ಮುಗೀತು.

ಹಾಸನದ_ಅಣ್ಣ
@ಬಯಲುಸೀಮೆ_ಭೀಮ ಎಲ್ಲರೂ ಹೇಳೋ ಉತ್ತರ ಇದೇ. ಯಾವ ಶಿಸ್ತು, ಅದು ಕಾಲಿಂದ ತಲೆಗೆ ಹತ್ತೋದು ಹೇಗೆ ಅನ್ನೋದು ನನ್ನ ಪ್ರಶ್ನೆ.

ಹಳೇ_ಹಲಸೂರು
ಸೇನೆಯಲ್ಲಿದ್ದೆ, ಕೆಲವು ವರ್ಷ ಡ್ರಿಲ್ ಉಸ್ತಾದ್ (ಕಲಿಸೋನು) ಆಗಿ ಹೊಸ ಹುಡುಗರನ್ನ ನೋಡ್ಕೊಂಡಿದ್ದೆ. ನಾನು ಕಂಡದ್ದನ್ನ ಹೇಳ್ತೀನಿ.

ಮೊದಲ ವಾರ ಬಂದ ಹುಡುಗರ ಸಾಲು ನೋಡಬೇಕು. ಒಬ್ಬ ರಾಯಚೂರು, ಒಬ್ಬ ಮಧುರೈ, ಒಬ್ಬ ಪಾಲಕ್ಕಾಡ್, ಒಬ್ಬ ಗುಂಟೂರು. ಪಕ್ಕದವನ ಭಾಷೆ ಗೊತ್ತಿಲ್ಲ, ಹಿಂದಿ ಯಾರಿಗೂ ಸರಿಯಾಗಿ ಬರಲ್ಲ. ‘ತೇಜ್ ಚಲ್’ (ಬೇಗ ನಡೆ) ಅಂದ ತಕ್ಷಣ ನಾಲ್ಕು ಜನ ಎಡಗಾಲಿನ ಜೊತೆ ಎಡಗೈಯನ್ನೇ ಮುಂದಕ್ಕೆ ಹಾಕ್ತಾರೆ. ಹುಟ್ಟಿದಾಗಿನಿಂದ ಸರಿಯಾಗಿ ನಡೆದ ಹುಡುಗ, ಹತ್ತು ಜನ ನೋಡ್ತಿದ್ದಾರೆ ಅಂತ ಗೊತ್ತಾದ ಕೂಡಲೇ ನಡೆಯೋದನ್ನೇ ಮರೀತಾನೆ. ಒತ್ತಡ ಬಂದಾಗ ಮೈ ಮಾತು ಕೇಳಲ್ಲ ಅನ್ನೋದನ್ನ ಅವನು ಮೊದಲು ಕಾಣೋದು ಅಲ್ಲೇ, ಆ ಚೌಕದಲ್ಲಿ. ಗುಂಡು ಹಾರೋ ಜಾಗದಲ್ಲಿ ಅದನ್ನ ಮೊದಲ ಸಲ ಕಾಣಬಾರದು.

ಎರಡನೇದು ಕಿವಿ. ‘ಪೀಛೇ’ (ಹಿಂದಕ್ಕೆ) ಅಂತೀವಿ, ನಿಲ್ಲಿಸ್ತೀವಿ, ಆಮೇಲೆ ‘ಮುಡ್’ (ತಿರುಗು). ಮೊದಲ ಪದ ಎಚ್ಚರಿಕೆ, ಎರಡನೇದು ಕೆಲಸ. ಹೊಸಬರಲ್ಲಿ ಅರ್ಧ ಜನ ‘ಪೀಛೇ’ ಕೇಳಿದ ಕೂಡಲೇ ಹಿಮ್ಮಡಿ ಎತ್ತಿಬಿಡ್ತಾರೆ. ಮುಂದೆ ಏನು ಬರುತ್ತೆ ಅಂತ ಊಹಿಸಿಕೊಂಡು ಮಾಡೋದು ಅವರ ಅಭ್ಯಾಸ. ಬೇಕಂತಲೇ ಆ ನಿಲುಗಡೆ ಉದ್ದ ಮಾಡ್ತಿದ್ದೆ. ಹಿಮ್ಮಡಿ ಅಲುಗಾಡದೆ ಕಾಯೋಕೆ ವಾರಗಳೇ ಬೇಕಾಗುತ್ತೆ. ಹೊಂಚು ಹಾಕಿ ಕೂತಾಗ ಒಬ್ಬ ಊಹೆ ಮೇಲೆ ಮೊದಲೇ ಗುಂಡು ಹಾರಿಸಿದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ.

ಇತಿಹಾಸ_ಓದುಗ
ಹಳೇ_ಹಲಸೂರು ಅವರ ಅನುಭವಕ್ಕೆ ಗೌರವ ಇದೆ. ಆದ್ರೂ ಕವಾಯತು ಹುಟ್ಟಿದ ಕಾರಣ ಬೇರೆ. 1590ರ ದಶಕದಲ್ಲಿ ಡಚ್ಚರ ಸೇನಾಪತಿ ಮಾರಿಸ್ ಮತ್ತು ಅವನ ಸಂಬಂಧಿ ವಿಲಿಯಂ ಲೂಯಿ ಇದನ್ನ ಕಟ್ಟಿದ್ದು ಬಂದೂಕಿನ ಸಲುವಾಗಿ. ಒಂದು ಸಲ ಗುಂಡು ತುಂಬೋಕೆ ತುಂಬಾ ಹೊತ್ತು ಬೇಕು, ಆದ್ದರಿಂದ ಮುಂದಿನ ಸಾಲು ಹಾರಿಸಿ ಹಿಂದಕ್ಕೆ ಹೋಗಬೇಕು, ಹಿಂದಿನ ಸಾಲು ಮುಂದಕ್ಕೆ ಬರಬೇಕು. ಹೆಜ್ಜೆ ತಪ್ಪಿದ್ರೆ ಸಾಲು ಗೋಜಲಾಗಿ ಎಲ್ಲರೂ ಸಾಯ್ತಾರೆ. ಡ್ರಿಲ್ ಅಂದ್ರೆ ಆಗ ಯುದ್ಧತಂತ್ರವೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 1778ರ ಚಳಿಗಾಲ ವ್ಯಾಲಿ ಫೋರ್ಜ್ ಶಿಬಿರದಲ್ಲಿ ಪ್ರಷ್ಯದಿಂದ ಬಂದ ಅಧಿಕಾರಿ ಸ್ಟ್ಯೂಬೆನ್ ಕಲಿಸಿದ್ದೂ ಅದೇ. ನಮ್ಮಲ್ಲಿ ಹೈದರಾಲಿ ಫ್ರೆಂಚರನ್ನ ಇಟ್ಟುಕೊಂಡು ಕಾಲಾಳುಗಳನ್ನ ತಯಾರು ಮಾಡಿದ್ದೂ ಅದಕ್ಕೇ.

ಆ ಬಂದೂಕು ಹೋಯ್ತು, ಕಾರಣವೂ ಹೋಯ್ತು. 1899ರ ಡಿಸೆಂಬರ್ 15, ದಕ್ಷಿಣ ಆಫ್ರಿಕಾದ ಕೊಲೆನ್ಸೊ ನೋಡಿ. ಬ್ರಿಟಿಷ್ ಜನರಲ್ ಹಾರ್ಟ್ ಯುದ್ಧಕ್ಕೆ ಹೊರಡೋ ಮುಂಚೆ ತನ್ನ ಐರಿಷ್ ಬ್ರಿಗೇಡಿಗೆ ಅರ್ಧ ಗಂಟೆ ಕವಾಯತು ಮಾಡಿಸಿದ. ಆಮೇಲೆ ಅದೇ ಒತ್ತೊತ್ತಾದ ಸಾಲಲ್ಲಿ ಟುಗೇಲಾ ನದಿಯ ತಿರುವಿನೊಳಕ್ಕೆ ನಡೆಸಿದ. ಬೋಯರ್‌ಗಳು (ಅಲ್ಲಿ ನೆಲೆಸಿದ್ದ ಡಚ್ ಮೂಲದವರು) ಕಂದಕದಲ್ಲಿ ಕೂತು ಮೂರು ಕಡೆಯಿಂದ ಹೊಡೆದರು. ಸತ್ತವರು, ಗಾಯಗೊಂಡವರು ಐನೂರಕ್ಕೂ ಮೇಲೆ.

ಗಡಿ_ಗನ್ನರ್
@ಇತಿಹಾಸ_ಓದುಗ ಹಾರ್ಟ್ ಮಾಡಿದ್ದು ತಂತ್ರದ ತಪ್ಪು. ಚೌಕದಲ್ಲಿ ಕಲಿಸಿದ ಸಾಲನ್ನ ಬಯಲಿಗೂ ಹಾಗೇ ಹೊತ್ಕೊಂಡು ಹೋದ. ಇವತ್ತು ಯಾವ ಸೇನೆಯೂ ಅದನ್ನ ಮಾಡಲ್ಲ, ಹೊರಗೆ ಹೋದ ಕೂಡಲೇ ಹುಡುಗರ ನಡುವಿನ ಅಂತರ ಬೇರೆ, ನಡಿಗೆಯೇ ಬೇರೆ. ಹೈದರಾಲಿ ಮಾತು ಎತ್ತಿದ್ರಿ ಅಂತ ಪೊಳ್ಳಿಲೂರನ್ನೂ ನೋಡಿ, 1780. ಬೇಯ್ಲಿ ಅನ್ನೋ ಬ್ರಿಟಿಷ್ ಅಧಿಕಾರಿಯ ಈಸ್ಟ್ ಇಂಡಿಯಾ ಕಂಪನಿ ಪಡೆ ಚೌಕ ಕಟ್ಟಿ ಸುತ್ತಲಿಂದ ಬಂದ ದಾಳಿಗಳನ್ನ ಮತ್ತೆ ಮತ್ತೆ ತಡೀತು. ಅದು ಕುಸಿದದ್ದು ಮದ್ದಿನ ಬಂಡಿಗಳು ಸಿಡಿದ ಮೇಲೆ. ಸುತ್ತ ಹೆಣ ಬೀಳ್ತಿದ್ರೂ ಜಾಗ ಬಿಡದೆ ನಿಂತದ್ದು ಯಾವುದರ ಬಲದಿಂದ?

ಇತಿಹಾಸ_ಓದುಗ
ಆ ಬಲದಿಂದ ನಿಂತ್ರು, ಆಮೇಲೆ ಸೋತ್ರು. ಗೆದ್ದದ್ದು ಕುದುರೆ, ರಾಕೆಟ್ಟು, ವೇಗ.

ಸಿ_ಸರ್ಟಿಫಿಕೇಟ್_ಹುಡುಗಿ
ನಾನು ಎನ್‌ಸಿಸಿ ಕಡೆಯಿಂದ ಹೇಳ್ತೀನಿ. ಎಲ್ಲರೂ ಡ್ರಿಲ್ ಅಂದ್ರೆ ಮಾತು ಕೇಳೋದು ಅಂತಲೇ ಹೇಳ್ತಿದ್ದೀರ. ನನಗೆ ಅದು ಕಲಿಸಿದ್ದು ಮಾತು ಹೇಳೋದನ್ನ. ‘ಸಿ’ ಪರೀಕ್ಷೆಯಲ್ಲಿ ಸ್ಕ್ವಾಡ್ ಮುಂದೆ ನಿಂತು ನಾವೇ ಕಮಾಂಡ್ ಕೊಡಬೇಕು. ‘ಥಮ್’ (ನಿಲ್ಲು) ಯಾವ ಕಾಲು ನೆಲಕ್ಕೆ ಬರುವಾಗ ಹೇಳಬೇಕು ಅನ್ನೋ ಲೆಕ್ಕ ಇದೆ, ಅರ್ಧ ಸೆಕೆಂಡ್ ತಪ್ಪಿದ್ರೆ ಮೂವತ್ತು ಜನ ಮೂವತ್ತು ಥರ ನಿಲ್ತಾರೆ. ತಪ್ಪು ಅವರದ್ದಲ್ಲ, ನನ್ನದು ಅಂತ ಇಡೀ ಮೈದಾನಕ್ಕೆ ಕಾಣುತ್ತೆ. ಮನೆಯಲ್ಲಿ ಜೋರಾಗಿ ಮಾತಾಡಿದ್ರೆ ಬೈಸಿಕೊಂಡು ಬೆಳೆದ ಹುಡುಗಿಯರು ನಾವು. ಮೈದಾನದ ಆ ತುದಿಗೆ ಕೇಳೋ ಹಾಗೆ ಕೂಗಿ ನಮ್ಮ ಮಾತಿಗೆ ಮೂವತ್ತು ಜನ ತಿರುಗಿದ ದಿನ ನನ್ನೊಳಗೆ ಏನೋ ಬದಲಾಯ್ತು.

ಕರಾವಳಿ_ಕಡಲು
ಇದು ಒಳ್ಳೆ ಪಾಯಿಂಟ್ ಮಾರಾಯ್ರೆ. ನಾಯಕತ್ವದ ಮೊದಲ ಪಾಠ ಅಲ್ಲೇ ಸಿಗೋದು.

ಕಂಪ್ಯೂಟರ್_ಕೆಲಸಗಾರ
ನಾನು ಸೇನೆಯವನಲ್ಲ, ಸಂಶೋಧನೆ ಓದೋ ಹುಚ್ಚು ಇದೆ. ಸ್ಟ್ಯಾನ್‌ಫರ್ಡ್‌ನ ಇಬ್ಬರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ವಿದ್ಯಾರ್ಥಿಗಳ ಸಣ್ಣ ಗುಂಪುಗಳನ್ನ ಕ್ಯಾಂಪಸ್ ಸುತ್ತ ನಡೆಸಿದ್ರು. ಕೆಲವರು ಹೆಜ್ಜೆಗೆ ಹೆಜ್ಜೆ ಹಾಕಿ, ಕೆಲವರು ತಮ್ಮ ಪಾಡಿಗೆ ತಾವು. ಆಮೇಲೆ ಒಬ್ಬರನ್ನೊಬ್ಬರು ನಂಬಿದ್ರೆ ಮಾತ್ರ ಎಲ್ಲರಿಗೂ ಲಾಭ ಬರೋ ಆಟ ಆಡಿಸಿದ್ರು. ಹೆಜ್ಜೆ ಕೂಡಿಸಿ ನಡೆದವರೇ ಹೆಚ್ಚು ಸಹಕಾರ ತೋರಿಸಿದ್ರು. ಕ್ಯಾಲಿಫೋರ್ನಿಯಾದಲ್ಲೇ 2014ರಲ್ಲಿ ಇನ್ನೊಂದು: ಇನ್ನೊಬ್ಬರ ಜೊತೆ ಹೆಜ್ಜೆ ಕೂಡಿಸಿ ನಡೆದ ಗಂಡಸರಿಗೆ ಸಿಟ್ಟಿನ ಮುಖದ ಫೋಟೋ ತೋರಿಸಿದ್ರೆ, ಆ ಮನುಷ್ಯನನ್ನ ಅವರು ಕುಳ್ಳ, ಬಲ ಕಡಿಮೆ ಅಂತ ಅಂದಾಜು ಮಾಡಿದ್ರು. ಅಮೆರಿಕದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್ 1941ರಲ್ಲಿ ಸೇನೆಗೆ ಸೇರಿ ಟೆಕ್ಸಾಸ್ ಬಯಲಲ್ಲಿ ಗಂಟೆಗಟ್ಟಲೆ ಮಾರ್ಚ್ ಮಾಡಿದಾಗ ತನಗೆ ಹಿತ ಅನ್ನಿಸಿತ್ತು ಅಂತ ದಶಕಗಳ ನಂತರ ಬರೆದ. ಆ ಹಿತ ಎಲ್ಲಿಂದ ಬಂತು ಅನ್ನೋದನ್ನೇ ಅಧ್ಯಯನ ಮಾಡಿದ.

ಇತಿಹಾಸ_ಓದುಗ
ಎರಡನೇ ಪ್ರಯೋಗ ನನ್ನ ವಾದಕ್ಕೇ ಬಲ ಕೊಡುತ್ತೆ. ಎದುರಾಳಿಯನ್ನ ಇರೋದಕ್ಕಿಂತ ಚಿಕ್ಕವನು ಅಂತ ಕಾಣೋದು ಸೈನಿಕನಿಗೆ ಒಳ್ಳೇದಾ? ಹಾರ್ಟ್‌ಗೆ ಆಗಿದ್ದು ಅದೇ ಅಲ್ವಾ?

ಗಡಿ_ಗನ್ನರ್
ಎದುರಾಳಿ ಎಷ್ಟು ದೊಡ್ಡವನು ಅನ್ನೋ ಲೆಕ್ಕ ಹಾಕೋದು ಅಧಿಕಾರಿ ಕೆಲಸ. ಮುಂದೆ ಹೆಜ್ಜೆ ಇಡಬೇಕಾದ ಹುಡುಗನಿಗೆ ಒಂದಿಷ್ಟು ಧೈರ್ಯ ಬೇಕೇ ಬೇಕು.

ಧಾರವಾಡ_ಪೇಢೆ
ಏನ್ರೀ, ಹೆಜ್ಜಿ ಕೂಡಿಸೋದೇ ಮುಖ್ಯ ಅಂದ್ರ ಡೊಳ್ಳು ಕುಣಿತ ಕಲಿಸಬಹುದಲ್ರೀ? ನಮ್ಮೂರ ಹುಡುಗೂರು ಭಾರದ ಡೊಳ್ಳು ಸೊಂಟಕ್ಕ ಕಟ್ಕೊಂಡು ತಾಸುಗಟ್ಲೆ ಒಂದೇ ತಾಳದಾಗ ಕುಣೀತಾರ. ಮೈಗೆ ಕಸುವು, ಒಗ್ಗಟ್ಟು, ಕಿವಿ, ಎಲ್ಲಾ ಅದರಾಗ ಐತಿ. ನಾ ಸುಮ್ಮನ ಹೇಳಾಕತ್ತಿಲ್ಲ, ಖರೇನ ಕೇಳಾಕತ್ತೀನಿ. ಕೂಡಿ ಮಾಡೋ ಯಾವ ಕೆಲಸಕ್ಕೂ ಆ ಗುಣ ಇದ್ರ, ಮರದ ದಿಮ್ಮಿ ಹೊತ್ತು ಓಡಿಸ್ರಿ, ದೋಣಿ ಹುಟ್ಟು ಹಾಕಿಸ್ರಿ. ಯುದ್ಧಕ್ಕೂ ಉಪಯೋಗಕ್ಕ ಬರತೈತಿ.

ಹಳೇ_ಹಲಸೂರು
@ಧಾರವಾಡ_ಪೇಢೆ ದಿಮ್ಮಿ ಹೊರಿಸೋದೂ ಇದೆ, ದೋಣಿಯೂ ಇದೆ. ಆದ್ರೆ ದಿಮ್ಮಿ ಹೊರುವಾಗ ಬಲ ಇದ್ದವನು ಮುಂದೆ ಹೋಗ್ತಾನೆ, ಇಲ್ಲದವನು ನೇತಾಡ್ತಾನೆ. ಡ್ರಿಲ್‌ನಲ್ಲಿ ಬಲಶಾಲಿಗೆ ಏನೂ ಹೆಚ್ಚು ಸಿಗಲ್ಲ. ಬಡವ, ಸಿರಿವಂತ, ಓದಿದವನು, ಓದದವನು ಎಲ್ಲರಿಗೂ ಅದು ಹೊಸದು. ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು. ಆರಡಿ ಹುಡುಗ ಹೆಜ್ಜೆ ಚಿಕ್ಕದು ಮಾಡಬೇಕು, ಐದೂಕಾಲು ಅಡಿಯವನು ಚಾಚಬೇಕು. ಪಕ್ಕದವನಿಗಾಗಿ ತನ್ನ ನಡಿಗೆಯನ್ನ ಬದಲಾಯಿಸಿಕೊಳ್ಳೋದನ್ನ ಇಷ್ಟು ನೇರವಾಗಿ ಕಲಿಸೋದು ನಾನು ಬೇರೆ ಎಲ್ಲೂ ನೋಡಿಲ್ಲ.

ಸೇತುವೆ_ಇಂಜಿನಿಯರ್
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಕ್ಷಮಿಸಿ. ಹೆಜ್ಜೆ ಕೂಡಿಸೋದರ ಶಕ್ತಿ ಎಷ್ಟು ಅಂದ್ರೆ 1831ರಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಬ್ರಾಟನ್ ತೂಗುಸೇತುವೆ ಸೈನಿಕರ ನಡಿಗೆಗೆ ತೂಗಾಡಿ ಮುರಿದು ಬಿತ್ತು. ಅದಾದ ಮೇಲೆ ಸೇತುವೆ ಮೇಲೆ ಹೆಜ್ಜೆ ಮುರಿದು ನಡೀಬೇಕು ಅನ್ನೋ ನಿಯಮ ಬಂತು.

ಬಯಲುಸೀಮೆ_ಭೀಮ
ಫ್ರಾನ್ಸ್‌ನಲ್ಲೂ ಹಾಗೇ ಸೇತುವೆ ಬಿದ್ದು ಇನ್ನೂರು ಜನ ಸೈನಿಕರು ಸತ್ರು ಅಂತ ಓದಿದ ನೆನಪು.

ಸೇತುವೆ_ಇಂಜಿನಿಯರ್
ಅದು 1850ರ ಆಂಜೆ ಸೇತುವೆ. ಸತ್ತವರು ಇನ್ನೂರಕ್ಕಿಂತ ಜಾಸ್ತಿ. ಆದ್ರೆ ಅಲ್ಲಿ ಹೆಜ್ಜೆ ಮುರಿದು ನಡೆಯೋಕೆ ಹೇಳಿದ್ರು. ಬಿರುಗಾಳಿ ಇತ್ತು, ಸೇತುವೆ ಓಲಾಡ್ತಿತ್ತು, ಓಲಾಟಕ್ಕೆ ಬೀಳದಿರೋಕೆ ಎಲ್ಲರೂ ತಮಗೆ ಗೊತ್ತಿಲ್ಲದೇ ಒಟ್ಟಿಗೆ ವಾಲಿದ್ರು. ಕೇಬಲ್ ಬುಡ ತುಕ್ಕು ಹಿಡಿದಿತ್ತು. ಎರಡನ್ನೂ ಒಂದೇ ಥರ ಹೇಳಬಾರದು.

ಮೊಣಕಾಲು_ಫಿಸಿಯೊ
ನನಗೆ ಕಾಳಜಿ ಇರೋದು ಕಾಲಿನ ಮೂಳೆ ಬಗ್ಗೆ. ಸೈನಿಕರ ಪಾದದಲ್ಲಿ ಸಣ್ಣ ಬಿರುಕು ಬಿಟ್ಟು ಊತ, ನೋವು ಬರೋದನ್ನ ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ ದಾಖಲು ಮಾಡಿದ. ಎಕ್ಸ್‌ರೇ ಬರೋದಕ್ಕೆ ನಲವತ್ತು ವರ್ಷ ಮೊದಲು! ಇವತ್ತಿಗೂ ಹೊಸ ರಿಕ್ರೂಟ್‌ಗಳನ್ನ ಅರ್ಧದಲ್ಲಿ ನಿಲ್ಲಿಸೋ ಗಾಯಗಳಲ್ಲಿ ಮೊಣಕಾಲ ಕೆಳಗಿನ ಮೂಳೆಯ ಬಿರುಕು ಮುಖ್ಯವಾದದ್ದು. ಓಟ, ಭಾರ, ಗಟ್ಟಿ ಬೂಟು ಎಲ್ಲ ಸೇರಿ ಬರುತ್ತೆ, ಡ್ರಿಲ್ ಒಂದೇ ಕಾರಣ ಅಲ್ಲ. ಆದ್ರೆ ತೊಡೆ ನೆಲಕ್ಕೆ ಸಮ ಆಗೋವರೆಗೆ ಕಾಲೆತ್ತಿ ಹಿಮ್ಮಡಿಯನ್ನ ಕಾಂಕ್ರೀಟಿಗೆ ಬಡಿಯೋದು ಬ್ರಿಟಿಷ್ ಪರಂಪರೆ. ಅಮೆರಿಕದ ಸೇನೆ ಹಾಗೆ ಬಡಿಯಲ್ಲ, ಕಾಲನ್ನ ಸುಮ್ಮನೆ ತಂದು ಜೋಡಿಸುತ್ತೆ. ಅವರ ಶಿಸ್ತಿಗೆ ಏನೂ ಕೊರತೆ ಆಗಿಲ್ಲ. ಕವಾಯತು ಇರಲಿ, ಬಡಿತ ಯಾಕೆ?

@ಹಾಸನದ_ಅಣ್ಣ ನಿಮ್ಮ ತಮ್ಮನಿಗೆ ಮುಂಗಾಲಿನ ಮೂಳೆ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸೋ ಹಾಗೆ ನೋವಿದ್ರೆ, ರಾತ್ರಿ ಮಲಗಿದಾಗಲೂ ಇದ್ರೆ, ತಡ ಮಾಡದೆ ಎಂ.ಐ. ರೂಮಿಗೆ (ಸೆಂಟರ್‌ನ ಚಿಕಿತ್ಸಾ ಕೊಠಡಿ) ಹೋಗಿ ಹೇಳೋಕೆ ಹೇಳಿ. ಹುಡುಗರು ಹಿಂದಿನ ಬ್ಯಾಚಿಗೆ ತಳ್ಳಿಬಿಡ್ತಾರೆ ಅನ್ನೋ ಭಯಕ್ಕೆ ಮುಚ್ಚಿಡ್ತಾರೆ. ಬಿರುಕು ಪೂರ್ತಿ ಮುರಿದ್ರೆ ತಿಂಗಳುಗಟ್ಟಲೆ ಹೋಗುತ್ತೆ.

ಹಾಸನದ_ಅಣ್ಣ
ಈ ಭಾನುವಾರವೇ ಕೇಳ್ತೀನಿ. ತುಂಬಾ ಥ್ಯಾಂಕ್ಸ್.

ಗಡಿ_ಗನ್ನರ್
ಹಾಸನದ ಅಣ್ಣನ ಮೂಲ ಪ್ರಶ್ನೆಗೆ ನನ್ನ ಉತ್ತರ. ನಾನು ತೋಪಖಾನೆಯಲ್ಲಿದ್ದವನು. ಅಲ್ಲಿ ‘ಗನ್ ಡ್ರಿಲ್’ ಅಂತ ಇದೆ. ಗನ್ ಸುತ್ತ ಪ್ರತಿಯೊಬ್ಬನಿಗೂ ಒಂದು ನಂಬರ್, ಪ್ರತಿ ನಂಬರಿಗೆ ಒಂದು ಜಾಗ, ಒಂದು ಕೆಲಸ. ಶೆಲ್ ತರೋನು, ಚಾರ್ಜ್ ಹಾಕೋನು, ಬ್ರೀಚ್ (ಗನ್ನಿನ ಹಿಂಬಾಯಿ) ಮುಚ್ಚೋನು, ಗುರಿ ಹಿಡಿಯೋನು. ರಾತ್ರಿ, ಮಳೆ, ಕಿವಿಗೆ ಏನೂ ಕೇಳಲ್ಲ. ಬ್ರೀಚ್ ಹಿಂದಕ್ಕೆ ಚಿಮ್ಮೋ ದಾರಿಯಲ್ಲಿ ಒಬ್ಬ ಅರ್ಧ ಹೆಜ್ಜೆ ತಪ್ಪಿ ನಿಂತಿದ್ರೆ ಅವನ ಕಥೆ ಮುಗೀತು. ಈ ಕೆಲಸಕ್ಕೆ ಹೊಸ ಹುಡುಗ ಬಂದಾಗ ನನಗೆ ಎರಡೇ ನಿಮಿಷದಲ್ಲಿ ಗೊತ್ತಾಗ್ತಿತ್ತು, ಡ್ರಿಲ್ ಮೈಗೆ ಹತ್ತಿದವನು ಯಾರು, ಹತ್ತದವನು ಯಾರು. ಹತ್ತಿದವನು ತನ್ನ ಕಾಲು ಎಲ್ಲಿದೆ ಅಂತ ನೋಡದೇ ತಿಳಿದಿರ್ತಾನೆ. ರೈಫಲ್ ಜಾಮ್ ಆದಾಗ ಮಾಡೋದೂ ಡ್ರಿಲ್ಲೇ, ಹೊಂಚುದಾಳಿಗೆ ಸಿಕ್ಕಾಗ ಮಾಡೋದೂ ಡ್ರಿಲ್ಲೇ. ಯೋಚನೆಗೆ ಸಮಯ ಇಲ್ಲದಾಗ ಮೈ ಮಾಡೋ ಕೆಲಸ ಅದು.

ಕಂಪ್ಯೂಟರ್_ಕೆಲಸಗಾರ
ಹಾಗಾದ್ರೆ ನೇರವಾಗಿ ಗನ್ ಡ್ರಿಲ್ಲನ್ನೇ, ರೈಫಲ್ ಜಾಮ್ ತೆಗೆಯೋದನ್ನೇ ಅಷ್ಟು ಗಂಟೆ ಮಾಡಿಸಬಹುದಲ್ಲ? ಇಸ್ರೇಲ್ ಸೇನೆಯಲ್ಲಿ ಪರೇಡ್ ಕವಾಯತು ತೀರಾ ಕಡಿಮೆ, ಸ್ವಾತಂತ್ರ್ಯ ದಿನದ ದೊಡ್ಡ ಸೇನಾ ಪರೇಡ್ 1973ರಲ್ಲಿ ನಡೆದದ್ದೇ ಕೊನೆ. ಅವರ ಹೋರಾಟದ ಶಕ್ತಿ ಅದರಿಂದ ಕುಗ್ಗಿದೆ ಅಂತ ಯಾರೂ ಹೇಳಲ್ಲ.

ಗಡಿ_ಗನ್ನರ್
ಅಲ್ಲಿ ಬರೋ ಹುಡುಗರು ಒಂದೇ ಭಾಷೆ ಕಲಿತು ಬಂದವರು, ಚಿಕ್ಕ ದೇಶ. ನಮ್ಮಲ್ಲಿ ಮೊದಲ ದಿನ ‘ನೀರು ಕೊಡು’ ಅಂತ ಪಕ್ಕದವನಿಗೆ ಹೇಳೋಕೂ ಬರಲ್ಲ. ರೈಫಲ್ ಬಿಚ್ಚೋದನ್ನ ಕಲಿಸೋಕೆ ಭಾಷೆ ಬೇಕು. ಸಾವಧಾನ್, ವಿಶ್ರಾಮ್ ಕಲಿಸೋಕೆ ನೋಡೋ ಕಣ್ಣಿದ್ರೆ ಸಾಕು.

ಹುಬ್ಬಳ್ಳಿ_ಹಳಬ
ಈ ಮಾತಿಗೆ ನಮ್ಮ ಊರಿನದೇ ಸಾಕ್ಷಿ ಇದೆ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದಾಗ ಅಹಿಂಸೆಯ ಚಳವಳಿಗೆ ಕವಾಯತು ಯಾಕೆ ಅಂತ ಕಾಂಗ್ರೆಸ್ಸಿನೊಳಗೇ ವಿರೋಧ ಬಂತು. ಅವರು ಬಿಡಲಿಲ್ಲ. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಅಷ್ಟು ದೊಡ್ಡ ಜನಸಂದಣಿ ನಡುವೆ ದುಡಿದದ್ದು ಇಂಥ ಸ್ವಯಂಸೇವಕರೇ. ಕೈಯಲ್ಲಿ ಬಂದೂಕು ಇಲ್ಲದವರಿಗೂ ಸಾಲಾಗಿ ನಿಲ್ಲೋದು ಬೇಕಾಗಿತ್ತು.

ಇತಿಹಾಸ_ಓದುಗ
ಜನಸಂದಣಿ ನಿಭಾಯಿಸೋಕೆ ಸರಿ. ಇವತ್ತಿನ ರಣರಂಗದಲ್ಲಿ ಸಾಲಾಗಿ ನಿಲ್ಲೋದೇ ಸಾವು. 2023ರ ನವೆಂಬರ್‌ನಲ್ಲಿ ಉಕ್ರೇನಿನ 128ನೇ ಬ್ರಿಗೇಡಿನವರು ಮುಂಚೂಣಿಗೆ ಹತ್ತಿರದಲ್ಲಿ ಪದಕ ಕೊಡೋ ಸಮಾರಂಭಕ್ಕೆ ಸೇರಿದ್ರು. ರಷ್ಯದ ಕ್ಷಿಪಣಿ ಬಂದು ಬಿತ್ತು, 19 ಸೈನಿಕರು ಸತ್ರು. ಕೆಲವೇ ತಿಂಗಳಲ್ಲಿ ರಷ್ಯದ ಸೈನಿಕರು ತರಬೇತಿ ಮೈದಾನದಲ್ಲಿ ಒಟ್ಟಾಗಿ ನಿಂತಿದ್ದಾಗ ಉಕ್ರೇನ್ ಅದೇ ರೀತಿ ಹೊಡೀತು. ಮೇಲಧಿಕಾರಿ ಬರ್ತಾನೆ ಅಂದ್ರೆ ಸಾಲಾಗಿ ನಿಲ್ಲಿಸಬೇಕು ಅನ್ನೋ ಅಭ್ಯಾಸವೇ ಅವರನ್ನ ಕೊಂದದ್ದು. ಈ ಅಭ್ಯಾಸವನ್ನೂ ಡ್ರಿಲ್ಲೇ ಕಲಿಸುತ್ತೆ, ಇದಕ್ಕೆ ಉತ್ತರ ಕೊಡಿ.

ಹಳೇ_ಹಲಸೂರು
ಅದು ನಿಜ. ಆ ಸುದ್ದಿ ಓದಿದಾಗ ನನಗೂ ತುಂಬಾ ಸಂಕಟ ಆಯ್ತು. ಮುಂಚೂಣಿಯಲ್ಲಿ ಫಾಲ್-ಇನ್ ಮಾಡಿಸೋ, ಅಂದ್ರೆ ಸಾಲಾಗಿ ನಿಲ್ಲಿಸೋ ಅಧಿಕಾರಿಯನ್ನ ನಾನು ಸಮರ್ಥಿಸಲ್ಲ.

ಸೆಂಟರ್ ಒಳಗೆ ನಾನು ಹೇಗೆ ಹಂಚ್ತಿದ್ದೆ ಅಂತ ಕೇಳಿದ್ರೆ: ಮೊದಲ ಎಂಟು-ಹತ್ತು ವಾರ ಡ್ರಿಲ್ಲನ್ನ ಒಂದು ಗಂಟೆಯೂ ಕಡಿಮೆ ಮಾಡಬೇಡಿ. ಹುಡುಗ ಬದಲಾಗೋದು ಆಗಲೇ. ಮಧ್ಯದ ತಿಂಗಳುಗಳಲ್ಲಿ ವಾರಕ್ಕೆ ಒಂದೆರಡು ಪೀರಿಯಡ್ ಸಾಕು, ಉಳಿದದ್ದು ಫೈರಿಂಗ್, ಡ್ರೋನ್ ಕಂಡ್ರೆ ಏನು ಮಾಡಬೇಕು, ಗಾಯಕ್ಕೆ ಟೂರ್ನಿಕೆ (ರಕ್ತ ನಿಲ್ಲಿಸೋ ಬಿಗಿಪಟ್ಟಿ) ಕಟ್ಟೋದು. ತರಬೇತಿ ಕೊನೆಯಲ್ಲಿ ಪ್ರಮಾಣ ತಗೊಳ್ಳೋ ಕಸಂ ಪರೇಡಿನ ರಿಹರ್ಸಲ್‌ಗೆ ವಾರಗಟ್ಟಲೆ ತಿನ್ನೋದು ಬೇಡ. ನನ್ನ ಜೊತೆಯ ಉಸ್ತಾದ್‌ಗಳೇ ಇದನ್ನ ಒಪ್ಪಲ್ಲ.

ಸಿ_ಸರ್ಟಿಫಿಕೇಟ್_ಹುಡುಗಿ
ಕಸಂ ಪರೇಡ್ ಕಡಿಮೆ ಮಾಡೋದಾ? ಇಲ್ಲ ಸಾರ್, ಇದನ್ನ ನಾನು ಒಪ್ಪಲ್ಲ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರ್‌ನಲ್ಲಿ ಮೊದಲ ಮಹಿಳಾ ಬ್ಯಾಚ್, 83 ಜನ, ಪ್ರಮಾಣ ತಗೊಂಡ್ರು. ಕೋವಿಡ್ ಜೋರಾಗಿದ್ದ ಸಮಯ, ಸಮಾರಂಭ ಸರಳವಾಗಿತ್ತು, ಆದ್ರೂ ಪರೇಡ್ ನಡೀತು. ಆ ವಿಡಿಯೋ ನೋಡಿ ನನ್ನ ಕಾಲೇಜಿನಲ್ಲಿ ಎಷ್ಟು ಹುಡುಗಿಯರು ಎನ್‌ಸಿಸಿಗೆ ಹೆಸರು ಕೊಟ್ರು ಗೊತ್ತಾ? ಸೇನಾ ದಿನದ ಪರೇಡ್ 2023ರಲ್ಲಿ ಮೊದಲ ಸಲ ದೆಹಲಿ ಬಿಟ್ಟು ಬೆಂಗಳೂರಿಗೆ ಬಂದಾಗಲೂ ಹಾಗೇ. ಜನ ಸೇನೆಯನ್ನ ಹತ್ತಿರದಿಂದ ನೋಡೋದೇ ಪರೇಡಿನಲ್ಲಿ.

ಹಳೇ_ಹಲಸೂರು
ಪರೇಡ್ ಬೇಡ ಅಂದಿಲ್ಲಮ್ಮ, ರಿಹರ್ಸಲ್ ಕಡಿಮೆ ಮಾಡಿ ಅಂದೆ. ಮೊದಲ ಹತ್ತು ವಾರ ಸರಿಯಾಗಿ ಕಲಿಸಿದ್ರೆ ಕೊನೆಗೆ ಕೆಲವೇ ದಿನದಲ್ಲಿ ತಯಾರಾಗ್ತಾರೆ.

ಕರಾವಳಿ_ಕಡಲು
ಉಸ್ತಾದ್ ಸಾರ್, ನಮ್ಮ ಹುಡುಗ ಮುಂದಿನ ಸೇನಾ ಭರ್ತಿ ರ‍್ಯಾಲಿಗೆ ತಯಾರಾಗ್ತಿದ್ದಾನೆ. ಮನೆಯಲ್ಲೇ ಡ್ರಿಲ್ ಅಭ್ಯಾಸ ಮಾಡಿಸ್ಲಾ?

ಹಳೇ_ಹಲಸೂರು
ಬೇಡ. ತಪ್ಪು ಕಲಿತು ಬಂದವನನ್ನ ತಿದ್ದೋದು ಕಷ್ಟ. ಓಡಿಸಿ, ಪುಲ್‌ಅಪ್ ಮಾಡಿಸಿ, ಗಟ್ಟಿ ಸೋಲಿನ ಬೂಟಲ್ಲಿ ದಿನಾ ಸ್ವಲ್ಪ ನಡೆಸಿ, ಕಾಲು ಒಗ್ಗಲಿ. ಉಳಿದದ್ದು ನಾವು ನೋಡ್ಕೋತೀವಿ.

ಗಡಿ_ಗನ್ನರ್
ಒಂದು ಮಾತು ಬಾಕಿ ಇದೆ. ಸೆಂಟರ್‌ನಲ್ಲಿ ಕಳೆದ ಗಂಟೆಗಳ ಬಗ್ಗೆ ನನಗೆ ಯಾವ ದುಃಖವೂ ಇಲ್ಲ. ವ್ಯರ್ಥವಾದದ್ದು ಆಮೇಲೆ, ಯೂನಿಟ್‌ನಲ್ಲಿ. ದೊಡ್ಡ ಸಾಹೇಬರು ಬರ್ತಾರೆ ಅಂದ್ರೆ ಹದಿನೈದು ವರ್ಷ ಸರ್ವೀಸ್ ಆದ ಹವಾಲ್ದಾರ್‌ಗಳನ್ನೂ ನಿಲ್ಲಿಸಿ ದಿನಗಟ್ಟಲೆ ಸಾಲು ನೆಟ್ಟಗೆ ಮಾಡಿಸೋದು, ಕಲ್ಲಿಗೆ ಸುಣ್ಣ ಬಳಿಸೋದು, ಆ ವಾರ ಗನ್ ಡ್ರಿಲ್ ರದ್ದು. ಇತಿಹಾಸ_ಓದುಗರು ಹೇಳಿದ 128ನೇ ಬ್ರಿಗೇಡಿನ ಕಾಯಿಲೆ ಹುಟ್ಟೋದು ಅಲ್ಲಿ, ರಿಕ್ರೂಟ್ ಹುಡುಗನ ‘ಪೀಛೇ ಮುಡ್’ನಲ್ಲಿ ಅಲ್ಲ. ಗಂಟೆ ಉಳಿಸಬೇಕು ಅನ್ನೋರು ಮೊದಲು ಆ ವಾರವನ್ನ ಉಳಿಸಲಿ.

ಇತಿಹಾಸ_ಓದುಗ
ಇದನ್ನ ಒಪ್ಪಿದೆ. ಹತ್ತು ವಾರದ ಲೆಕ್ಕ ಮಾತ್ರ ನನಗೆ ಇನ್ನೂ ಜಾಸ್ತಿ ಅನ್ನಿಸುತ್ತೆ, ಆರು ಸಾಕು.

ಹಳೇ_ಹಲಸೂರು
ಆರು ವಾರಕ್ಕೆ ಹಿಮ್ಮಡಿ ಅಲುಗಾಡೋದು ನಿಲ್ಲಲ್ಲ.